ಮೊಲಕ್ಕೆ ಮೂರೇ ಕಾಲು ಎಂದು ಕಾಯ್ದೆ ಮಾಡಿದ ಅಳಿಯಂದಿರಿಗೆ

ಶ್ರೀ ರಿಷಿ ಸುನಕ್ ಅವರಿಗೆ,
ಬ್ರಿಟನ್ನಿನ ಮಾಜಿ ಪ್ರಧಾನಿಗಳು, ರಿಚ್ಮಂಡ್ ಮತ್ತು ನಾರ್ತಲರ್ಟನ್ ಕ್ಷೇತ್ರದ ಸಂಸದರು

ಅಳಿಯಂದಿರೇ, ನಮಸ್ಕಾರ.

ಹೀಗೆ ಕರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. 2022ರ ಅಕ್ಟೋಬರ್‌ನಲ್ಲಿ, ದೀಪಾವಳಿ ಹೊತ್ತಿಗೆ, ನೀವು ಪ್ರಧಾನಿಯಾದಾಗ ನಮ್ಮ ಕಡೆಯವರು ನಿಮ್ಮನ್ನು ಕರೆದದ್ದೇ ಹೀಗೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಹುಡುಗಿಯನ್ನು ಬೆಂಗಳೂರಿನಲ್ಲಿ ಮದುವೆಯಾದ ಮೇಲೆ ಈ ಹೆಸರಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆವತ್ತು ಮಂಡ್ಯದಿಂದ ನನ್ನ ದೊಡ್ಡಮ್ಮ ಫೋನ್ ಮಾಡಿದ್ದರು. "ಸುಧಮ್ಮನ ಅಳಿಯನೇ ಅಂತಲ್ಲ ಕಣವ್ವ ಈಗ ನಿಮಗೆಲ್ಲ ದೊರೆ. ಇನ್ನೇನು ಭಯ ಬಿಡು" ಎಂದರು. ನಾನೂ ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ.

ಅಳಿಯ ಎಂದ ಮೇಲೆ ಹೋಳಿಗೆ ಊಟವೂ ಉಂಟು, ನಾಲ್ಕು ಮಾತು ಕೇಳಿಸಿಕೊಳ್ಳುವುದೂ ಉಂಟು. ಊಟದ ಉಪಚಾರ ಜಯನಗರದಲ್ಲಿ ನಿಮಗೆ ಬೇಕಾದಷ್ಟು ಆಗಿರುತ್ತದೆ. ಇದು ಆ ನಾಲ್ಕು ಮಾತು, ನೀವು ತಂದ ರುವಾಂಡಾ ಕಾಯ್ದೆಯ ಬಗ್ಗೆ. ನಿಮಗೆ ಕನ್ನಡ ಓದಲು ಬರಲಿಕ್ಕಿಲ್ಲ, ಓದಿ ಹೇಳುವವರು ಮನೆಯಲ್ಲೇ ಇದ್ದಾರೆ. ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿರುವುದಕ್ಕೆ ಕಾರಣ ನೀವೊಬ್ಬರೇ ಅಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷದಿಂದ ಇರುವ ನಮ್ಮ ಕನ್ನಡದವರೇ ಯುಗಾದಿ ಊಟಕ್ಕೆ ಕೂತಾಗ, "ದೋಣೀಲಿ ಬಂದೋರಿಗೆ ಕೋರ್ಟು ಗೀರ್ಟು ಎಲ್ಲಾ ಯಾಕ್ರೀ" ಎನ್ನುತ್ತಾರೆ. ಅವರೂ ಓದಲಿ ಅಂತ.

ನಾನಿರುವುದು ಡಾರ್ಲಿಂಗ್ಟನ್‌ನಲ್ಲಿ. ನಿಮ್ಮ ಕ್ಷೇತ್ರದ ಬೇಲಿಗೆ ಹತ್ತಿಕೊಂಡ ಹಾಗೆಯೇ. ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಗಂಡ ಡಾಕ್ಟರು.

2023ರ ನವೆಂಬರ್ 15, ಬುಧವಾರ, ಬೆಳಗ್ಗೆ ಹತ್ತು ಗಂಟೆ. ಆಫೀಸಿನ ಪ್ಯಾಂಟ್ರಿಯಲ್ಲಿ ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಕೊಂಡು ನಾನು ಸುಪ್ರೀಂ ಕೋರ್ಟಿನ ನೇರ ಪ್ರಸಾರ ನೋಡುತ್ತಿದ್ದೆ. ಅಧ್ಯಕ್ಷರಾದ ಲಾರ್ಡ್ ರೀಡ್ ತೀರ್ಪಿನ ಸಾರ ಓದುತ್ತಿದ್ದರು. ದನಿ ಏರಲಿಲ್ಲ, ಇಳಿಯಲಿಲ್ಲ. ಐವರು ನ್ಯಾಯಮೂರ್ತಿಗಳದ್ದೂ ಒಂದೇ ಅಭಿಪ್ರಾಯ: ನಿಮ್ಮ ಸರ್ಕಾರದ ರುವಾಂಡಾ ಯೋಜನೆ ಕಾನೂನಿಗೆ ವಿರುದ್ಧ. ಜೊತೆಗೆ ಕೆಲಸ ಮಾಡುವ ಇಂಗ್ಲಿಷ್ ಹುಡುಗಿ ಬಂದು, "ಕ್ರಿಕೆಟ್ಟಾ?" ಎಂದು ಕೇಳಿದಳು. ಆವತ್ತು ವಾಂಖೆಡೆಯಲ್ಲಿ ವಿಶ್ವಕಪ್ ಸೆಮಿಫೈನಲ್ ಇತ್ತು, ನಿಜ. ಆದರೆ ನನಗೆ ಇದೇ ದೊಡ್ಡ ಮ್ಯಾಚ್ ಆಗಿತ್ತು.

ಊರಿನ ಓದುಗರಿಗಾಗಿ ಹಿಂದಿನ ಕಥೆ ಎರಡು ಮಾತಿನಲ್ಲಿ ಹೇಳುತ್ತೇನೆ. ಫ್ರಾನ್ಸಿನ ಕಡಲತೀರದಿಂದ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಜನ ಇಂಗ್ಲೆಂಡಿಗೆ ಬರುತ್ತಾರೆ. 2022 ಒಂದೇ ವರ್ಷದಲ್ಲಿ 45,000ಕ್ಕೂ ಜಾಸ್ತಿ ಜನ ಹೀಗೆ ಬಂದರು. ಆ ವರ್ಷದ ಏಪ್ರಿಲ್‌ನಲ್ಲಿ ಬೋರಿಸ್ ಜಾನ್ಸನ್ ಸರ್ಕಾರ ಒಂದು ಯೋಜನೆ ಹೇಳಿತು. ಹೀಗೆ ಬಂದವರನ್ನು ವಿಮಾನ ಹತ್ತಿಸಿ ಆಫ್ರಿಕಾದ ರುವಾಂಡಾಗೆ ಕಳಿಸುವುದು. ಅವರಿಗೆ ಆಶ್ರಯ ಕೊಡಬೇಕೋ ಬೇಡವೋ ಎಂದು ರುವಾಂಡಾವೇ ತೀರ್ಮಾನಿಸುವುದು. ಕೊಟ್ಟರೂ ಅಲ್ಲೇ ಇರಬೇಕು, ಬ್ರಿಟನ್ನಿಗೆ ವಾಪಸ್ ಇಲ್ಲ. ಜೂನ್ 14ರಂದು ಬಾಸ್ಕಂಬ್ ಡೌನ್ ಎಂಬ ಸೇನಾ ವಿಮಾನನೆಲೆಯಲ್ಲಿ ಮೊದಲ ವಿಮಾನ ಸಜ್ಜಾಗಿ ನಿಂತಿತ್ತು. ಹತ್ತಬೇಕಿದ್ದವರು ಕಡಿಮೆಯಾಗುತ್ತಾ ಆಗುತ್ತಾ ಏಳು ಮಂದಿಗೆ ಬಂದಿತ್ತು. ಸಂಜೆ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ ಸ್ಟೇ ಕೊಟ್ಟಿತು. ವಿಮಾನ ಖಾಲಿಯಾಗಿ ಅಲ್ಲೇ ಉಳಿಯಿತು. ಆಮೇಲೆ ಲಂಡನ್ನಿನ ಹೈಕೋರ್ಟು ಯೋಜನೆ ಸರಿ ಎಂದಿತು, ಮೇಲ್ಮನವಿ ಕೋರ್ಟು ಎರಡಕ್ಕೆ ಒಂದರಂತೆ ತಪ್ಪು ಎಂದಿತು, ಕೊನೆಗೆ ಸುಪ್ರೀಂ ಕೋರ್ಟಿಗೆ ಬಂತು.

ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆ ರುವಾಂಡಾ ಒಳ್ಳೆಯ ದೇಶವೋ ಕೆಟ್ಟ ದೇಶವೋ ಎಂಬುದಲ್ಲ. ಕಿಗಾಲಿ ನಗರ ಚೊಕ್ಕಟವಾಗಿದೆ, ಕಾಂಗೋ ಮತ್ತು ಬುರುಂಡಿಯಿಂದ ಬಂದ ದೊಡ್ಡ ಸಂಖ್ಯೆಯ ನಿರಾಶ್ರಿತರನ್ನು ಆ ದೇಶ ಇಟ್ಟುಕೊಂಡಿದೆ, ಇದೆಲ್ಲ ನಿಜ. ಪ್ರಶ್ನೆ ಇಷ್ಟೇ: ಅಲ್ಲಿಗೆ ಕಳಿಸಿದವರನ್ನು ಅವರು ಯಾವ ಊರಿಂದ ಜೀವ ಉಳಿಸಿಕೊಂಡು ಓಡಿಬಂದರೋ ಅಲ್ಲಿಗೇ ರುವಾಂಡಾ ವಾಪಸ್ ದಬ್ಬುವ ಅಪಾಯ ಇದೆಯೇ? ಇದಕ್ಕೆ ಕೋರ್ಟು ಸಾಕ್ಷ್ಯ ನೋಡಿತು. ಇಸ್ರೇಲ್ ಜೊತೆ ಇಂಥದ್ದೇ ಒಪ್ಪಂದ ಮಾಡಿಕೊಂಡಿದ್ದ ರುವಾಂಡಾ ಅದನ್ನು ಪಾಲಿಸಿರಲಿಲ್ಲ, ಬಂದವರನ್ನು ಗುಟ್ಟಾಗಿ ಉಗಾಂಡಾಗೆ ಸಾಗಹಾಕುತ್ತಿತ್ತು. ಅಫ್ಘಾನಿಸ್ತಾನ, ಸಿರಿಯಾ, ಯೆಮೆನ್‌ನಂಥ ದೇಶದವರ ಅರ್ಜಿಗಳನ್ನು ನೂರಕ್ಕೆ ನೂರು ತಿರಸ್ಕರಿಸಿದ್ದ ಲೆಕ್ಕ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಬಳಿ ಇತ್ತು. ಊಟದ ರೇಷನ್ ಕಡಿಮೆ ಮಾಡಿದ್ದನ್ನು ವಿರೋಧಿಸಿದ ನಿರಾಶ್ರಿತರ ಮೇಲೆ 2018ರಲ್ಲಿ ಅಲ್ಲಿನ ಪೊಲೀಸರು ಗುಂಡು ಹಾರಿಸಿ, ಕನಿಷ್ಠ 12 ಜನ ಸತ್ತಿದ್ದರು. ಇಷ್ಟಾಗಿಯೂ ರುವಾಂಡಾ ಮೋಸ ಮಾಡಲು ಹೊರಟಿದೆ ಎಂದು ಕೋರ್ಟು ಹೇಳಲಿಲ್ಲ. ಅಲ್ಲಿನ ವ್ಯವಸ್ಥೆ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ, ಮುಂದೆ ಬರಬಹುದು, ಆದರೆ ಈಗ ಬಂದಿಲ್ಲ ಎಂದಿತು.

ಇನ್ನೊಂದು ಮಾತನ್ನೂ ಲಾರ್ಡ್ ರೀಡ್ ಸ್ಪಷ್ಟವಾಗಿ ಹೇಳಿದರು. ಓಡಿಬಂದ ಜಾಗಕ್ಕೇ ವಾಪಸ್ ದಬ್ಬಬಾರದು ಎಂಬುದು ಬರೀ ಯುರೋಪಿನ ಮಾನವ ಹಕ್ಕು ಒಪ್ಪಂದದ ಮಾತಲ್ಲ, ಬ್ರಿಟನ್ ಸಹಿ ಹಾಕಿದ ಬೇರೆ ಅಂತರರಾಷ್ಟ್ರೀಯ ಒಪ್ಪಂದಗಳಲ್ಲೂ ಬ್ರಿಟನ್ನಿನದೇ ಕಾಯ್ದೆಗಳಲ್ಲೂ ಇದೇ ಇದೆ ಎಂದರು. ಅದು ನಿಮ್ಮ ಕಿವಿಗೆ ಬಿತ್ತೋ ಇಲ್ಲವೋ. ಅದೇ ಸಂಜೆ ನೀವು ಟೀವಿಯಲ್ಲಿ ಬಂದು, ವಿದೇಶಿ ಕೋರ್ಟು ನಮ್ಮ ವಿಮಾನ ತಡೆಯಲು ಬಿಡುವುದಿಲ್ಲ ಎಂದಿರಿ. ತಡೆದದ್ದು ನಿಮ್ಮ ಮನೆಯ ಕೋರ್ಟು!

ಸರಿಯಾಗಿ ಮೂರು ವಾರಕ್ಕೆ, ಡಿಸೆಂಬರ್ 6ಕ್ಕೆ, ಮಸೂದೆ ಬಂತು. ಹಿಂದಿನ ದಿನ ನಿಮ್ಮ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಕಿಗಾಲಿಗೆ ಹೋಗಿ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಬಂದಿದ್ದರು. ಅದರ ಬಗ್ಗೆ ನನ್ನ ತಕರಾರಿಲ್ಲ. ಕೋರ್ಟು ಬೆರಳಿಟ್ಟು ತೋರಿಸಿದ ಕೊರತೆ ಸರಿಪಡಿಸಲು ಒಪ್ಪಂದ ಮಾಡಿ, ಅದು ಜಾರಿಯಾದ ಮೇಲೆ ಮತ್ತೆ ಕೋರ್ಟಿಗೆ ಬಂದು, "ನೋಡಿ ಸ್ವಾಮಿ, ಈಗ ಸರಿಯಾಗಿದೆ" ಎಂದಿದ್ದರೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಅಷ್ಟು ತಾಳ್ಮೆ ನಿಮಗಿರಲಿಲ್ಲ, ಎಲೆಕ್ಷನ್ ಹತ್ತಿರ ಇತ್ತು.

ಆ ಮಸೂದೆಯನ್ನು ನಾನು ರಾತ್ರಿ ಊಟವಾದ ಮೇಲೆ ಕೂತು ಓದಿದೆ. ಉದ್ದವೇನಿಲ್ಲ, ಕೆಲವೇ ಪುಟ. ಎರಡನೇ ಕಲಮಿನಲ್ಲಿ ಇದ್ದದ್ದು ಇಷ್ಟು: ತೀರ್ಮಾನ ಮಾಡುವ ಪ್ರತಿಯೊಬ್ಬರೂ ರುವಾಂಡಾವನ್ನು ಸುರಕ್ಷಿತ ದೇಶವೆಂದೇ ಭಾವಿಸತಕ್ಕದ್ದು, ಅದು ಅಂತಿಮ. ಅಲ್ಲಿಂದ ಬೇರೆ ಕಡೆಗೆ ದಬ್ಬುತ್ತಾರೆ ಎಂಬ ವಾದವನ್ನು ಕೋರ್ಟು ಕೇಳತಕ್ಕದ್ದಲ್ಲ. ಸ್ಟ್ರಾಸ್‌ಬರ್ಗ್ ಮತ್ತೆ ಸ್ಟೇ ಕೊಟ್ಟರೆ ಅದನ್ನು ಪಾಲಿಸಬೇಕೋ ಬೇಡವೋ ಎಂದು ಮಂತ್ರಿಯೇ ತೀರ್ಮಾನಿಸುತ್ತಾರೆ ಎಂದು ಐದನೇ ಕಲಮು ಹೇಳುತ್ತಿತ್ತು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವು ಊರಲ್ಲಿ ಬೇಕಾದಷ್ಟು ನೋಡಿದ್ದೇವೆ. ಅವರು ಹಟ ಮಾಡುತ್ತಾರೆ, ಕೂಗಾಡುತ್ತಾರೆ, ಪಂಚಾಯಿತಿಯಿಂದ ಎದ್ದು ಹೋಗುತ್ತಾರೆ. ಆದರೆ ಮೊಲಕ್ಕೆ ಮೂರೇ ಕಾಲು ಎಂದು ಸಂಸತ್ತಿನಲ್ಲಿ ಕಾಯ್ದೆ ಮಾಡಿ, ನಾಲ್ಕನೆಯ ಕಾಲನ್ನು ಎಣಿಸಲು ನ್ಯಾಯಾಧೀಶರಿಗೆ ಅಧಿಕಾರವಿಲ್ಲ ಎಂದು ಬರೆದವರನ್ನು ನಾನು ನೋಡಿದ್ದು ಅದೇ ಮೊದಲು. ಕಾನೂನನ್ನು ಪಾರ್ಲಿಮೆಂಟು ಬದಲಿಸಬಹುದು. ಅದಕ್ಕಾಗಿಯೇ ಅದು ಇರುವುದು. ಕಿಗಾಲಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಕೈಯೆತ್ತಿ ಬದಲಿಸಲು ಆಗುತ್ತದೆಯೇ? ನೀವು ಲೆಕ್ಕ ಬಲ್ಲವರು, ಖಜಾನೆ ನೋಡಿಕೊಂಡವರು. ನಾಳೆ ನನ್ನ ಕಂಪನಿಯ ಮಾಲೀಕರು "ನಮಗೆ ನಷ್ಟವೇ ಆಗಿಲ್ಲ ಎಂದು ಆಡಿಟರ್ ಭಾವಿಸತಕ್ಕದ್ದು" ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದರೆ ನಾನು ಏನು ಮಾಡಬೇಕು, ನೀವೇ ಹೇಳಿ.

ಅದೇ ಮಸೂದೆಯ ಮೊದಲ ಪುಟದಲ್ಲಿ ಇನ್ನೊಂದು ವಾಕ್ಯ ಇತ್ತು. ಇಲ್ಲಿನ ಪದ್ಧತಿ ಪ್ರಕಾರ ಮಸೂದೆ ತರುವ ಮಂತ್ರಿ, ಇದು ಮಾನವ ಹಕ್ಕುಗಳಿಗೆ ಹೊಂದುತ್ತದೆ ಎಂದು ಬರೆದು ಕೊಡಬೇಕು. ಕ್ಲೆವರ್ಲಿಯವರು, ಹಾಗೆ ಹೇಳಲು ನನ್ನಿಂದ ಆಗದು, ಆದರೂ ಸದನ ಇದನ್ನು ಮುಂದುವರಿಸಲಿ ಎಂದು ಸರ್ಕಾರ ಬಯಸುತ್ತದೆ ಎಂದು ಬರೆದಿದ್ದರು. ಇದಕ್ಕೂ ಕಾನೂನಿನಲ್ಲಿ ಅವಕಾಶ ಇದೆ, ಸುಳ್ಳಲ್ಲ. ಆದರೂ ಓದುವಾಗ ಮೈ ಜುಮ್ಮೆಂದಿತು. ಆ ಪುಟದ ಪ್ರಿಂಟ್ ತೆಗೆದು ಇಟ್ಟುಕೊಂಡೆ. ಈಗಲೂ ಇದೆ.

ಇಷ್ಟಕ್ಕೂ ಇದು ನನಗೆ ಯಾಕೆ ತಟ್ಟಬೇಕು? ನಾವು ದೋಣಿಯಲ್ಲಿ ಬಂದವರಲ್ಲ, ವೀಸಾ ಹಾಕಿಸಿಕೊಂಡು ಬಂದವರು. ಊಟದ ಮೇಜಿನಲ್ಲಿ ನಮ್ಮವರು ಹೇಳುವುದೂ ಇದನ್ನೇ. ಅವರಿಗೆ ಮರೆತುಹೋಗಿದೆ, ನನಗೆ ಮರೆತಿಲ್ಲ.

ನನ್ನ ಗಂಡ 2003ರಲ್ಲಿ ಹೊರದೇಶದ ಡಾಕ್ಟರುಗಳು ಇಲ್ಲಿ ಕೆಲಸ ಮಾಡಲು ಪಾಸಾಗಬೇಕಾದ ಪ್ಲಾಬ್ ಪರೀಕ್ಷೆಗೆ ಅಂತ ಲಂಡನ್ನಿಗೆ ಬಂದರು. ಈಸ್ಟ್ ಹ್ಯಾಮ್‌ನ ಒಂದು ಮನೆಯಲ್ಲಿ ಒಂಬತ್ತು ಜನ ಡಾಕ್ಟರುಗಳು, ಒಂದೇ ಬಚ್ಚಲು. ಪರೀಕ್ಷೆ ಪಾಸಾಗಿದ್ದರೂ ಕೆಲಸವಿಲ್ಲ, ದುಡ್ಡು ಮುಗಿಯುತ್ತಾ ಬಂದಿತ್ತು. ಎಷ್ಟೋ ಸಂಜೆ ಮುರುಗನ್ ದೇವಸ್ಥಾನದ ಪ್ರಸಾದವೇ ಊಟ. ಈಗಲೂ ಅವರಿಗೆ ಪೊಂಗಲ್ ಕಂಡರೆ ಕಣ್ಣು ತುಂಬುತ್ತದೆ, ಅದು ಚೆನ್ನಾಗಿದ್ದರೂ ಅಷ್ಟೆ ಇಲ್ಲದಿದ್ದರೂ ಅಷ್ಟೆ. ಆಮೇಲೆ ಕೆಲಸ ಸಿಕ್ಕಿತು, ನಮ್ಮ ಮದುವೆಯಾಯಿತು, ಹೆಚ್ಚು ಕೌಶಲದ ವಲಸಿಗರಿಗೆ ಅಂತ ಇದ್ದ ಎಚ್‌ಎಸ್‌ಎಂಪಿ ವೀಸಾ ಸಿಕ್ಕಿತು. ಅದಕ್ಕೆ, ಇನ್ನು ಮುಂದೆ ಬ್ರಿಟನ್ನೇ ನಮ್ಮ ಮನೆ ಎಂದು ಬರೆದು ಕೊಟ್ಟಿದ್ದೆವು.

2006ರ ಏಪ್ರಿಲ್‌ನಲ್ಲಿ ನಿಯಮ ಬದಲಾಯಿತು. ತರಬೇತಿ ಹುದ್ದೆಗಳಿಗೆ ಬ್ರಿಟನ್ ಮತ್ತು ಯುರೋಪಿನವರು ಯಾರೂ ಸಿಗದಿದ್ದರೆ ಮಾತ್ರ ಹೊರದೇಶದ ಡಾಕ್ಟರುಗಳನ್ನು ನೋಡಿ ಎಂದು ಆಸ್ಪತ್ರೆಗಳಿಗೆ ಸೂಚನೆ ಹೋಯಿತು. ಎಚ್‌ಎಸ್‌ಎಂಪಿ ಇದ್ದವರೂ ಅದರೊಳಗೆ ಸಿಕ್ಕಿಕೊಂಡರು. ಸಂದರ್ಶನಕ್ಕೆ ಕರೆದಿದ್ದ ಒಂದು ಕಡೆಯಿಂದ, ಬರುವುದು ಬೇಡ ಎಂದು ಎರಡು ಸಾಲಿನ ಕಾಗದ ಬಂತು. ನಾನಾಗ ಐದು ತಿಂಗಳ ಬಸುರಿ. ಬೀರುವಿನ ಮೇಲಿದ್ದ ಸೂಟ್‌ಕೇಸ್ ಇಳಿಸಿ ಮಂಚದ ಕೆಳಗೆ ಇಟ್ಟೆ. ಯಾವತ್ತು ಹೊರಡಬೇಕೋ ಅಂತ. ಆ ಸೂಟ್‌ಕೇಸ್ ಎರಡು ವರ್ಷ ಅಲ್ಲೇ ಇತ್ತು. ಮಗು ಅಂಬೆಗಾಲಿಡುವಾಗ ಅದಕ್ಕೇ ಹಣೆ ಹೊಡೆದುಕೊಳ್ಳುತ್ತಿತ್ತು.

ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೋ ಕೋರ್ಟಿಗೆ ಹೋಯಿತು. ಹೈಕೋರ್ಟಿನಲ್ಲಿ ಸೋತಿತು. ಮೇಲ್ಮನವಿ ಕೋರ್ಟಿನಲ್ಲಿ ಗೆದ್ದಿತು. ಆಗ ಸುಪ್ರೀಂ ಕೋರ್ಟು ಅಂತ ಬೇರೆ ಇರಲಿಲ್ಲ, ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳೇ ಕೊನೆ. 2008ರ ಏಪ್ರಿಲ್ 30ರಂದು ನಾಲ್ಕಕ್ಕೆ ಒಂದರಂತೆ ಅವರು ತೀರ್ಪು ಕೊಟ್ಟರು: ಆ ಸೂಚನೆ ಕಾನೂನಿಗೆ ವಿರುದ್ಧ. ಆ ರಾತ್ರಿ ಗಂಡ ಸೂಟ್‌ಕೇಸ್ ಎತ್ತಿ ಮತ್ತೆ ಬೀರುವಿನ ಮೇಲಿಟ್ಟರು. ಏನೂ ಮಾತಾಡಲಿಲ್ಲ. ಅದರಲ್ಲಿ ಈಗ ದಸರಾ ಬೊಂಬೆಗಳಿವೆ.

ಆಗಲೂ ವಲಸಿಗರು ಜಾಸ್ತಿಯಾದರು ಎಂಬ ಕೂಗಿತ್ತು, ಪೇಪರುಗಳಲ್ಲಿ ದಿನಾ ಅದೇ. ಆಗಿನ ಸರ್ಕಾರಕ್ಕೂ ಸೋಲು ಇಷ್ಟವಾಗಿರಲಿಕ್ಕಿಲ್ಲ. ಆದರೆ ಒಪ್ಪಿಕೊಂಡಿತು. ಇನ್ನು ಮುಂದೆ ಹೊಸದಾಗಿ ಬರುವವರಿಗೆ ಬೇರೆ ನಿಯಮ ಮಾಡಿತು, ಅದು ಅದರ ಹಕ್ಕು. "ಈ ಡಾಕ್ಟರುಗಳಿಗೆ ಅನ್ಯಾಯವಾಗಿಲ್ಲ ಎಂದೇ ಎಲ್ಲ ಕೋರ್ಟುಗಳೂ ಭಾವಿಸತಕ್ಕದ್ದು" ಎಂದು ಕಾಯ್ದೆ ತರಲಿಲ್ಲ. ತಂದಿದ್ದರೆ ನಾನಿವತ್ತು ಡಾರ್ಲಿಂಗ್ಟನ್‌ನಲ್ಲಿ ಇರುತ್ತಿರಲಿಲ್ಲ. ಮದ್ದೂರಿನಲ್ಲಿ ನನ್ನ ಗಂಡನ ಕ್ಲಿನಿಕ್ ಇರುತ್ತಿತ್ತೋ ಏನೋ. ಅದೇನೂ ಕೆಟ್ಟ ಬದುಕಲ್ಲ, ಬಿಡಿ. ಆದರೆ ಆಯ್ಕೆ ನಮ್ಮದಾಗಿರುತ್ತಿರಲಿಲ್ಲ.

ಊಟದ ಮೇಜಿನ ಸ್ನೇಹಿತರೇ, ಇವತ್ತು ದೋಣಿಯವರು ಹೋಗಿ ನಿಂತ ಬಾಗಿಲು ಅವತ್ತು ನಾವು ಹೋಗಿ ನಿಂತದ್ದೇ.

ಈಗ ನಮ್ಮ ಮನೆಯ ಹುಳುಕನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬಿಳಿಯರ ದೇಶಕ್ಕೆ ಬಂದು ಬುದ್ಧಿ ಹೇಳುತ್ತಾಳೆ ಎಂದಾಗುತ್ತದೆ. ನನ್ನ ಅಪ್ಪ ಮಂಡ್ಯ ತಾಲ್ಲೂಕಿನ ರೈತರು. ವಿ.ಸಿ. ನಾಲೆ ನೀರಲ್ಲಿ ಕಬ್ಬು, ಭತ್ತ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಸುಗ್ರೀವಾಜ್ಞೆ ತಂದಿತು. ಯಾವ ಕೋರ್ಟು, ಯಾವ ನ್ಯಾಯಮಂಡಳಿ ಏನೇ ಮಧ್ಯಂತರ ಆದೇಶ ಕೊಟ್ಟಿರಲಿ, ನಮ್ಮ ರೈತರ ನೀರು ನಮ್ಮ ರೈತರಿಗೆ ಎಂಬುದು ಅದರ ಸಾರ. ನಾನಾಗ ಹೈಸ್ಕೂಲು. ಅರಳಿಕಟ್ಟೆ ಹತ್ತಿರ ಪಟಾಕಿ ಹೊಡೆದರು. ಅಪ್ಪ ಅರ್ಧ ಕೇಜಿ ಮೈಸೂರುಪಾಕು ತಂದರು. ಆ ಕಾಲದಲ್ಲಿ ಅದು ಹಬ್ಬಕ್ಕೂ ತರುತ್ತಿರಲಿಲ್ಲ.

ನವೆಂಬರ್ 22ಕ್ಕೆ ಸುಪ್ರೀಂ ಕೋರ್ಟು ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲು ಹೊರಟ ರಾಜ್ಯ ಎಂದು ಕಟುವಾಗಿ ಹೇಳಿತು. ಮನೆಯಲ್ಲಿ ರೇಡಿಯೋ ಆರಿತು. ಅಪ್ಪ ವರ್ಷಗಟ್ಟಲೆ ಆ ಕೋರ್ಟನ್ನು ಬೈದರು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಏನೇನು ನಡೆಯಿತೋ ಅದು ನಮಗೆಲ್ಲ ಗೊತ್ತು, ಹೇಳಿಕೊಳ್ಳಲು ನಾಚಿಕೆ.

ಇದರ ಬಾಲ ಇನ್ನೂ ಇದೆ. 2018ರ ಫೆಬ್ರುವರಿಯಲ್ಲಿ ಅದೇ ಸುಪ್ರೀಂ ಕೋರ್ಟು ಕೊನೆಯ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಜಾಸ್ತಿ ಕೊಟ್ಟಿತು. ಅಪ್ಪ ಆವತ್ತೇ ಫೋನ್ ಮಾಡಿದರು. "ಈಗ ಸರಿಯಾಗಿ ಹೇಳ್ತು ನೋಡು ಮಗ ಕೋರ್ಟು." ನೀವು ಬೈತಿದ್ದ ಕೋರ್ಟೇ ಅಲ್ವಾ ಅಪ್ಪ ಇದು ಎಂದೆ. "ಅದೇ ಬೇರೆ, ಇದೇ ಬೇರೆ" ಎಂದರು.

ಅಪ್ಪನನ್ನು ನಾನು ಕ್ಷಮಿಸುತ್ತೇನೆ. ಗದ್ದೆ ಒಣಗುವ ಭಯ ಅವರದು. ನಿಮ್ಮನ್ನು ಅಷ್ಟು ಸಲೀಸಾಗಿ ಕ್ಷಮಿಸಲು ಆಗುತ್ತಿಲ್ಲ. ಕಾರಣ, ನಮ್ಮಲ್ಲಿ ಬಂಗಾರಪ್ಪನವರ ಕೈ ಹಿಡಿಯಲು ಸಂವಿಧಾನ ಇತ್ತು. ನಿಮ್ಮಲ್ಲಿ ಅದು ಒಂದು ಪುಸ್ತಕವಾಗಿ ಇಲ್ಲ. ಪಾರ್ಲಿಮೆಂಟು ಮಾಡಿದ ಕಾಯ್ದೆಯನ್ನು ರದ್ದು ಮಾಡುವ ಅಧಿಕಾರ ಬ್ರಿಟನ್ನಿನ ಯಾವ ಕೋರ್ಟಿಗೂ ಇಲ್ಲ. ಅಂದರೆ ಇಲ್ಲಿ ಬೇಲಿ ಎಂದರೆ ಪಾರ್ಲಿಮೆಂಟಿನೊಳಗೆ ಕೂತವರ ಸಂಕೋಚ ಒಂದೇ. ಆ ಸಂಕೋಚವನ್ನು ನೀವು ಬಿಟ್ಟಿರಿ. 2023ರ ಡಿಸೆಂಬರ್ 12ರಂದು ಕೆಳಮನೆಯಲ್ಲಿ ಮಸೂದೆಯ ಪರವಾಗಿ ಮತ ಹಾಕಿ 313 ಜನ ನಿಮ್ಮ ಜೊತೆ ಬಿಟ್ಟರು.

ಲಾರ್ಡ್ಸ್ ಸಭೆಯವರು ಒಂದಷ್ಟು ದಿನ ಎಳೆದಾಡಿದರು. ಒಪ್ಪಂದದ ಮಾತೆಲ್ಲ ನಿಜವಾಗಿ ಜಾರಿಯಾದ ಮೇಲೆ ಸುರಕ್ಷಿತ ಎನ್ನೋಣ ಎಂದರು. ಬ್ರಿಟಿಷ್ ಸೇನೆಗಾಗಿ ದುಡಿದ ಅಫ್ಘನ್ನರನ್ನಾದರೂ ಬಿಟ್ಟುಬಿಡಿ ಎಂದರು. ಮಸೂದೆ ಆ ಮನೆಯಿಂದ ಈ ಮನೆಗೆ ಚೆಂಡಿನ ಹಾಗೆ ಓಡಾಡಿ, 2024ರ ಏಪ್ರಿಲ್ 22ರ ಮಧ್ಯರಾತ್ರಿ ಹೊತ್ತಿಗೆ ಲಾರ್ಡ್ಸ್ ಕೈಚೆಲ್ಲಿದರು. ಆ ಬೆಳಗ್ಗೆ ನೀವು ಸುದ್ದಿಗೋಷ್ಠಿಯಲ್ಲಿ, ಆದರೆ-ಗೀದರೆ ಇಲ್ಲ, ವಿಮಾನಗಳು ಹೋಗೇ ಹೋಗುತ್ತವೆ ಎಂದಿದ್ದಿರಿ. ದೋಣಿಗಳಿಗೆ ಈ ಕಾಯ್ದೆ ಹೆದರಿಕೆ ಹುಟ್ಟಿಸುತ್ತದೆ ಎಂಬುದು ನಿಮ್ಮ ವಾದವಾಗಿತ್ತು. ಮಸೂದೆ ಪಾಸಾದ ಕೆಲವೇ ಗಂಟೆಗಳಲ್ಲಿ, ಬೆಳಕು ಹರಿಯುವ ಮೊದಲು, ಫ್ರಾನ್ಸಿನ ವಿಮರೂ ತೀರದಲ್ಲಿ 112 ಜನ ಒಂದೇ ದೋಣಿಗೆ ತುಂಬಿಕೊಂಡರು. ಐದು ಜನ ಸತ್ತರು. ಒಬ್ಬಳು ಏಳು ವರ್ಷದ ಹುಡುಗಿ.

ದೋಣಿಗಳು ದೊಡ್ಡ ಸಮಸ್ಯೆ ಎನ್ನುವುದರಲ್ಲಿ ನನಗೂ ನಿಮಗೂ ಜಗಳವಿಲ್ಲ. ಜನರ ಜೀವವನ್ನು ಒತ್ತೆಯಿಟ್ಟು ದುಡ್ಡು ಮಾಡುವ ದಂಧೆಯವರಿದ್ದಾರೆ. ಬಾಗಿಲು ಹಾರುಹೊಡೆದು ಇಡಿ ಎಂದು ನಾನು ಹೇಳುವುದಿಲ್ಲ. ಆಶ್ರಯದ ಅರ್ಹತೆ ಇಲ್ಲದವರನ್ನು ವಾಪಸ್ ಕಳಿಸುವುದು ಸರ್ಕಾರದ ಕೆಲಸ, ಕಳಿಸಲಿ. ಆದರೆ ಎರಡು ವರ್ಷ ಈ ವಿಮಾನದ ಹಿಂದೆ ಓಡಿ ಗಿಟ್ಟಿದ್ದೇನು? ಹೊಸ ಗೃಹ ಸಚಿವೆ ಇವೆಟ್ ಕೂಪರ್ 2024ರ ಜುಲೈನಲ್ಲಿ ಲೆಕ್ಕ ಹೇಳಿದರು: 70 ಕೋಟಿ ಪೌಂಡ್. ನಮ್ಮ ರೂಪಾಯಿಯಲ್ಲಿ ಏಳು ಸಾವಿರ ಕೋಟಿಗೂ ಮೇಲೆ. ರುವಾಂಡಾಗೆ ಹೋದವರು ನಾಲ್ಕೇ ಜನ, ಅವರೂ ತಾವಾಗಿ ಒಪ್ಪಿ ಹೋದವರು. ಲೆಕ್ಕ ಬರೆಯುವವಳಾಗಿ ಹೇಳುತ್ತೇನೆ, ಈ ಪುಟ ನನ್ನ ಕೈಗೆ ಬಂದಿದ್ದರೆ ಸೊನ್ನೆ ಎಲ್ಲೋ ಜಾಸ್ತಿ ಬಿದ್ದಿದೆ ಎಂದು ವಾಪಸ್ ಕಳಿಸುತ್ತಿದ್ದೆ.

ನಿಮ್ಮ ಮನೆತನದ್ದೂ ಒಂದು ಮಾತಿದೆ. ನಿಮ್ಮ ತಂದೆ ಕೀನ್ಯಾದಲ್ಲಿ ಹುಟ್ಟಿದವರು. 1968ರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಕೀನ್ಯಾದ ಭಾರತೀಯರು ಇಲ್ಲಿಗೆ ಬರದಂತೆ ಲೇಬರ್ ಸರ್ಕಾರವೇ ಮೂರು ದಿನದಲ್ಲಿ ಕಾಯ್ದೆ ಪಾಸು ಮಾಡಿತ್ತು. ಅದು ಜನಾಂಗದ ಮೇಲೆ ಮಾಡಿದ ತಾರತಮ್ಯ ಎಂದು 1973ರಲ್ಲಿ ಹೇಳಿದ್ದು ಯಾರು? ಇದೇ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಾನವ ಹಕ್ಕು ಆಯೋಗ. ನೀವು ಟೀವಿಯಲ್ಲಿ "ವಿದೇಶಿ ಕೋರ್ಟು" ಎಂದಾಗ ನನಗೆ ನೆನಪಾದದ್ದು ಇದು.

2024ರ ಜುಲೈನಲ್ಲಿ ನೀವು ಸೋತಿರಿ, ಕೀರ್ ಸ್ಟಾರ್ಮರ್ ಬಂದು ರುವಾಂಡಾ ಯೋಜನೆ ಸತ್ತು ಮಣ್ಣಾಯಿತು ಎಂದರು. ನಾನು ಉಸಿರು ಬಿಟ್ಟೆ. ಒಂದು ತಿಂಗಳಾಗಿರಲಿಲ್ಲ. ಸೌತ್‌ಪೋರ್ಟಿನಲ್ಲಿ ಮಕ್ಕಳ ಕೊಲೆ ನಡೆಯಿತು. ಕೊಂದವನು ದೋಣಿಯಲ್ಲಿ ಬಂದವನು ಎಂಬ ಸುಳ್ಳು ಸುದ್ದಿ ಹಬ್ಬಿ ಊರೂರಲ್ಲಿ ಗಲಭೆ ಎದ್ದಿತು. ಆಗಸ್ಟ್ 4, ಭಾನುವಾರ. ನಮ್ಮಿಂದ ಹದಿನೈದು ಮೈಲಿ ದೂರದ ಮಿಡಲ್ಸ್‌ಬರೋದಲ್ಲಿ ಗುಂಪು ಕಟ್ಟಿದವರು ರಸ್ತೆಯಲ್ಲಿ ಕಾರು ನಿಲ್ಲಿಸಿ, ನೀನು ಬಿಳಿಯನಾ, ಇಂಗ್ಲಿಷಿನವನಾ ಎಂದು ಕೇಳುತ್ತಿದ್ದರು. ಗಂಡ ಡ್ಯೂಟಿ ಮುಗಿಸಿ ಆ ಕಡೆಯಿಂದ ಬರಬೇಕಿತ್ತು. ಹಳ್ಳಿ ರಸ್ತೆ ಹಿಡಿದು ಸುತ್ತಿ ಬಳಸಿ ಬಂದರು. ಬರುವವರೆಗೂ ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದೆ. ಆ ಗಲಭೆಗಳಲ್ಲಿ ಕೂಗಿದ ಘೋಷಣೆಗಳಲ್ಲಿ ಒಂದು, "ಸ್ಟಾಪ್ ದ ಬೋಟ್ಸ್". ನೀವು ಭಾಷಣ ಮಾಡುವಾಗ ಮುಂದಿನ ಪೀಠದ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿಕೊಳ್ಳುತ್ತಿದ್ದ ಅದೇ ಮಾತು. ಇದರಿಂದ ಅದಾಯಿತು ಎಂದು ಗೆರೆ ಎಳೆದು ತೋರಿಸಲು ನನ್ನಿಂದ ಆಗದು, ಬೆಂಗಳೂರಿನ ಡಿಸೆಂಬರ್‌ಗೂ ಹಾಗೆ ಗೆರೆ ಎಳೆದವಳಲ್ಲ ನಾನು. ಎರಡನ್ನೂ ಹತ್ತಿರದಿಂದ ನೋಡಿದ್ದೇನೆ, ಅಷ್ಟೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಆ ಮೊಲ ಮತ್ತೆ ಓಡಾಡುತ್ತಿದೆ. ಯುರೋಪಿನ ಮಾನವ ಹಕ್ಕು ಒಪ್ಪಂದದಿಂದಲೇ ಹೊರಬರುತ್ತೇವೆ ಎಂದು 2025ರ ಅಕ್ಟೋಬರ್‌ನಲ್ಲಿ ನಿಮ್ಮ ಕನ್ಸರ್ವೇಟಿವ್ ಪಕ್ಷ ಹೇಳಿದೆ. ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷದವರು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದಾರೆ. ಲೇಬರ್ ಸರ್ಕಾರವೂ ಅದೇ ಒಪ್ಪಂದದಲ್ಲಿನ ಕುಟುಂಬ ಜೀವನದ ಹಕ್ಕನ್ನು ವಲಸಿಗರ ಕೇಸುಗಳಲ್ಲಿ ಕೋರ್ಟುಗಳು ಹೇಗೆ ಓದಬೇಕು ಎಂದು ಬಿಗಿ ಮಾಡಲು ಹೊರಟಿದೆ. ಯಾರು ಬಂದರೂ ಸೋತ ಕೇಸನ್ನು ಮತ್ತೆ ಗೆಲ್ಲಲು ನೀವು ತೋರಿಸಿದ ಅಡ್ಡದಾರಿ ಇದ್ದೇ ಇದೆ.

ನೀವಿನ್ನೂ ಸಂಸದರು. ಹಿಂದಿನ ಬೆಂಚಿನಲ್ಲಿ ಕೂರುತ್ತೀರಿ, ಪಕ್ಷದ ಹಂಗು ಮೊದಲಿನಷ್ಟಿಲ್ಲ. ನಾಳೆ ಇಂಥದ್ದೊಂದು ಮಸೂದೆ ಬಂದು, "ಕೋರ್ಟುಗಳು ಹೀಗೆಂದೇ ಭಾವಿಸತಕ್ಕದ್ದು" ಎಂಬ ಸಾಲು ಕಣ್ಣಿಗೆ ಬಿದ್ದರೆ, ಎದ್ದು ನಿಂತು ಎರಡು ನಿಮಿಷ ಮಾತಾಡಿ. ನಾನೂ ಒಮ್ಮೆ ಇದನ್ನು ಬರೆಸಿದ್ದೆ, ಹೀಗೆ ಹೀಗೆ ಆಯಿತು ಎಂದು ಹೇಳಿ. ತಪ್ಪಾಯಿತು ಎನ್ನಬೇಕಾಗಿಲ್ಲ. ಖರ್ಚಿನ ಲೆಕ್ಕ ಓದಿದರೂ ಸಾಕು.

ಇನ್ನು, ನಾರ್ತಲರ್ಟನ್‌ನಿಂದ ನಮ್ಮ ಮನೆ ಅರ್ಧ ಗಂಟೆ ದಾರಿ. ಒಂದು ಭಾನುವಾರ ಅಕ್ಷತಾ ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಊಟಕ್ಕೆ ಬನ್ನಿ. ಹೋಳಿಗೆ ಮಾಡುತ್ತೇನೆ, ತುಪ್ಪ ಹಾಕಿ. ಆ ಮಸೂದೆಯ ಮೊದಲ ಪುಟವನ್ನು ನಿಮ್ಮ ಎಲೆ ಪಕ್ಕದಲ್ಲೇ ಇಟ್ಟಿರುತ್ತೇನೆ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಕನ್ನಡತಿ
ಡಾರ್ಲಿಂಗ್ಟನ್, ಇಂಗ್ಲೆಂಡ್